ಪಕ್ಕದ ಮನೆಯ ಕಾವು

ಸೋಮವಾರ ಶ್ವೇತಳ ಪಿಎಚ್‌ಡಿ ವೈವಾ. ಶುಕ್ರವಾರ ಮಧ್ಯಾಹ್ನ ಕವಿತ ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು, ಪರೀಕ್ಷಕರಿಗೆ ತೋರಿಸಲು ಚಿಪ್ ಅಣಿ ಮಾಡುತ್ತಿದ್ದಳು. ಮಂಡ್ಯದ ಹೊರಗಿನ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಇನ್‌ಸ್ಟ್ರಕ್ಟರ್.

ಹೆಬ್ಬೆರಳಿನ ಉಗುರಿನಷ್ಟು ಚಿಪ್. ಅದರಲ್ಲಿ ಅರವತ್ನಾಲ್ಕು ಚೌಕಗಳು. ಪುಸ್ತಕದಲ್ಲಿ ಅವಕ್ಕೆ ಪಿಕ್ಸೆಲ್ ಎಂದು ಹೆಸರು. ಇವರಿಬ್ಬರ ಮಾತಿನಲ್ಲಿ, ಚೌಕಾಬಾರದ ಹಾಗೆ, ಮನೆಗಳು. ಪ್ರತಿ ಮನೆಯಡಿ ಕೂದಲಿಗಿಂತ ತೆಳುವಾದ ತಂತಿ. ತಂತಿ ಕಾದರೆ ಆ ಮನೆಯ ಮೂಲಕ ಹಾಯುವ ಬೆಳಕು ಬದಲಾಗುತ್ತದೆ. ಆದರೆ ಕಾವು ಅಲ್ಲಿಗೇ ನಿಲ್ಲದೆ ಪಕ್ಕದ ಮನೆಗೂ ಹೋಗಿ ಅಲ್ಲಿನ ಬೆಳಕನ್ನು ಕೆಡಿಸುತ್ತದೆ. ಮನೆಗಳ ನಡುವೆ ಸಣ್ಣ ಕಂದಕ ಕೊರೆದರೆ ಕಾವು ದಾಟುವುದಿಲ್ಲ ಎಂಬುದೇ ಶ್ವೇತಳ ಥೀಸಿಸ್. ಐದು ವರ್ಷದ ಕೆಲಸ.

ನೋಡಲು ಚೆಂದವಿರಲಿ ಎಂದು ಕವಿತ ಒಂದು ಬಿಟ್ಟು ಒಂದರಂತೆ ಮೂವತ್ತೆರಡು ಮನೆಗಳನ್ನು ಒಟ್ಟಿಗೆ ಉರಿಸಿದಳು. ಪರದೆಯ ಮೇಲೆ ಕಪ್ಪು ಬಿಳಿ ಚೌಕಗಳು ಕತ್ತರಿಸಿಟ್ಟಂತೆ ಮೂಡಿದವು. ಟೀ ಕುಡಿದು ಬರುವಷ್ಟರಲ್ಲಿ ಬಿಳಿ ಕಪ್ಪಿಗೆ ಸೋರಿ ಎಲ್ಲ ಒಂದೇ ಬೂದಿ ಬಣ್ಣವಾಗಿತ್ತು. ಹೊರಗಿನ ತಂತಿಗಳನ್ನು ಬಿಚ್ಚಿ ಪುನಃ ಜೋಡಿಸಿದಳು. ಲೇಸರ್ ಸರಿಮಾಡಿದಳು. ಮತ್ತೆ ಬೂದಿ. ಆಮೇಲೆ ಬೀರುವಿನಿಂದ ಹಳೆಯ ನೋಟ್‌ಬುಕ್ ತೆಗೆದಳು.

ಎರಡು ವರ್ಷದ ಹಿಂದೆ ಶ್ವೇತಳ ತಂದೆ ಅಂಕಯ್ಯ ತೀರಿಕೊಂಡಾಗ ಅವಳು ಹನ್ನೊಂದು ದಿನ ಸೂತಕದಲ್ಲಿದ್ದಳು. ಬೆಂಗಳೂರಿನಿಂದ ಎರವಲು ತಂದಿದ್ದ ಲೇಸರ್ ವಾರದೊಳಗೆ ವಾಪಸು ಹೋಗಬೇಕಿತ್ತು. ಕವಿತ ತಾನೇ ಅಳತೆ ತೆಗೆದು ಕೊಟ್ಟಿದ್ದಳು. ಥೀಸಿಸ್ಸಿನಲ್ಲಿ ಗೈಡ್ ಹೊಗಳಿದ್ದು ಆ ಕೋಷ್ಟಕವನ್ನೇ. ಎಲ್ಲೂ ಅವಳ ಹೆಸರಿರಲಿಲ್ಲ; ಅವಳು ಕೇಳಿಯೂ ಇರಲಿಲ್ಲ. ಯಾರೂ ಇಲ್ಲದಾಗ ಮಾತ್ರ ಎಂಬತ್ತೇಳನೇ ಪುಟ ತೆರೆದು, ಆ ಅಂಕಿಗಳ ಮೇಲೆ ಬೆರಳಾಡಿಸಿ ಮುಚ್ಚಿಡುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಅವಳದೇ ಕೈಬರಹ: ‘ಸುತ್ತಲಿನವು ಹಾಕಿದೆ. ಆರಿಸಿದೆ. ನಡುವಿನದು ಹಾಕಿ ಬರೆದೆ.’ ಕಾವು ದಾಟುತ್ತದೋ ಇಲ್ಲವೋ ತಿಳಿಯಲು ಸುತ್ತಲಿನವು ಉರಿಯುತ್ತಿರುವಾಗಲೇ ನಡುವಿನದನ್ನು ಅಳೆಯಬೇಕಿತ್ತು. ಅರವತ್ನಾಲ್ಕು ಸಲವೂ ಅವಳು ಆರಿಸಿ ಅಳೆದಿದ್ದಳು.

ನಾಲ್ಕು ಗಂಟೆಗೆ ಬಂದ ಶ್ವೇತ ಪರದೆ ನೋಡಿ ನಕ್ಕಳು. “ಏನಕ್ಕ ಇದು, ಸಗಣಿ ಸಾರ್ಸಿದಂಗದೆ!”

ಕವಿತ ನೋಟ್‌ಬುಕ್ ಮುಂದಿಟ್ಟಳು. ಶ್ವೇತ ಓದಿದಳು. ಇನ್ನೊಮ್ಮೆ ಓದಿ ಸ್ಟೂಲಿನ ಮೇಲೆ ಕೂತಳು.

“ತಪ್ಪು ನಂದು ಕಣೆ. ಅಳ್ದೋಳು ನಾನು ಅಂತ ಸೋಮವಾರ ನಾನೇ ಯೋಳ್ತೀನಿ.”

“ಯೋಳ್ಬೇಡಿ.” ಶ್ವೇತ ಥೀಸಿಸ್ಸಿನ ಮೊದಲ ಹಾಳೆ ತಿರುವಿ ತೋರಿಸಿದಳು. ಎಲ್ಲ ಅಳತೆಗಳನ್ನೂ ನಾನೇ ತೆಗೆದಿದ್ದೇನೆ ಎಂಬ ಮಾತಿನ ಕೆಳಗೆ ಅವಳ ಸಹಿ. “ತಪ್ಪು ಮಾಡ್ದೋಳ್ಗಾದ್ರೆ ಇನ್ನೊಂದ್ ವರ್ಸ ಕೊಡ್ತಾರೆ. ಸುಳ್ಳು ಸಹಿ ಆಕ್ದೋಳ್ಗೆ ಏನ್ ಕೊಡ್ತಾರಕ್ಕ?”

“ಇನ್ನೊಂದ್ ವರ್ಸ ಸಿಕ್ಕುದ್ರೆ...”

“ನಮ್ಮನೆಯವ್ರು ಇದೇ ಕಡೇದು ಅಂದವ್ರೆ. ಈ ಸಲ ಆಗ್ನಿಲ್ಲ ಅಂದ್ರೆ ಮನೇಲಿ ಬಿದ್ದಿರು ಅಂತ. ಅವರವ್ವ ಆಗ್ಲೇ ಎಮ್ಮೆ ನೋಡಕ್ಕೆ ಓಗ್ಬುಟ್ಟು ಬಂದವ್ರೆ, ಸೊಸೆ ಮನೇಲಿರ್ತಾಳಲ್ಲ ಅಂತ.”

“ಅಂಗಾದ್ರೆ ಎರಡ್ ನಿಮಿಷ ತೋರ್ಸಿ ಆರ್ಸ್‌ಬುಡ್ತೀನಿ,” ಎಂದಳು ಕವಿತ. “ಅಷ್ಟ್ರಲ್ಲಿ ಕೆಡಲ್ಲ. ಯಾರ್ಗೂ ಗೊತ್ತಾಗಲ್ಲ.” ಅದು ತನ್ನದೇ ದನಿ ಎಂದು ನಂಬಲು ಅವಳಿಗೆ ಕಷ್ಟವಾಯಿತು. ಶ್ವೇತ ಬೇಡ ಎನ್ನಲಿಲ್ಲ.

ಸೋಮವಾರ ಬಂದ ಪರೀಕ್ಷಕರು ವಯಸ್ಸಾದವರು, ಮೆತ್ತಗಿನ ಮನುಷ್ಯ. ಪರದೆ ನೋಡಿ ಬಹಳ ಸಂತೋಷಪಟ್ಟರು. ಎರಡು ನಿಮಿಷಕ್ಕೆ ಕವಿತ ಸ್ವಿಚ್ಚಿಗೆ ಕೈ ಹಾಕಿದಳು.

“ಇರಲಿ ಬಿಡಮ್ಮ, ಚೆನ್ನಾಗಿದೆ,” ಎಂದು ಅವರು ಅಲ್ಲೇ ಕುರ್ಚಿ ಎಳೆದುಕೊಂಡು ಪ್ರಶ್ನೆ ಶುರುಮಾಡಿದರು.

ಶ್ವೇತ ಪರದೆಗೆ ಬೆನ್ನು ಕೊಟ್ಟು ಉತ್ತರ ಹೇಳುತ್ತಿದ್ದಳು. ಅವಳ ಬೆನ್ನ ಹಿಂದೆ ಒಂದೊಂದೇ ಚೌಕ ಮಂಕಾಗುವುದನ್ನು ಕವಿತ ನಿಂತು ನೋಡಿದಳು. ಹತ್ತನೇ ನಿಮಿಷಕ್ಕೆ ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಎಂಬತ್ತೇಳನೇ ಪುಟ ತೆಗೆದರು.

“ಈ ಅಳತೆ ತೆಗೆಯುವಾಗ ಸುತ್ತಲಿನವು ಉರಿಯುತ್ತಿದ್ದವೇನಮ್ಮ?”

ಕವಿತಳ ಬಾಯಿ ತೆರೆಯಿತು. ಶ್ವೇತ ಅವಳ ಕಡೆ ತಿರುಗದೆಯೇ ಹೇಳಿದಳು: “ಇಲ್ಲ ಸರ್. ಆರಿಸಿ ಅಳೆದೆ. ನನ್ನ ತಪ್ಪು.”

“ಆರಿಸಿದ್ದು ಯಾಕೆ?”

“ಗೊತ್ತಿಲ್ಲ ಸರ್.”

ಗೊತ್ತಿದ್ದವಳು ಕವಿತ. ಅವಳು ಬೆಳೆದದ್ದು ಜಲವಿದ್ಯುತ್ ಕೇಂದ್ರದ ಊರಾದ ಬ್ಲಫ್‌ನ ಕ್ವಾರ್ಟರ್ಸಿನಲ್ಲಿ. ಅಪ್ಪ ಕೆಂಪಯ್ಯ ಪವರ್ ಹೌಸಿನಲ್ಲಿ ಹೆಲ್ಪರ್. ಅಡುಗೆಮನೆಯ ಬಲ್ಬು ಆರಿಸದೆ ನಡುಮನೆಯದು ಹಾಕಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಕರೆಂಟು ಹುಟ್ಟುವ ಊರಿನ ಮಕ್ಕಳಿಗೆ ಅದನ್ನು ಪೋಲು ಮಾಡುವ ಹಕ್ಕಿಲ್ಲ ಎಂಬುದು ಅವನ ಮಾತು. ಒಂದು ಆರಿಸಿಯೇ ಇನ್ನೊಂದಕ್ಕೆ ಹೋಗುವುದನ್ನು ಅವಳ ಕೈ ಆಗಲೇ ಕಲಿತಿತ್ತು, ಯೋಚಿಸಿ ಮಾಡಿದ್ದಲ್ಲ. ಇದನ್ನು ಆ ಮನುಷ್ಯನಿಗೆ ಹೇಗೆ ಹೇಳುವುದು? ಹೇಳಿದರೆ ಸಹಿಯ ಮಾತು ಬರುತ್ತದೆ. ಅವಳು ಗೋಡೆಗೆ ಒತ್ತಿಕೊಂಡು ನಿಂತಳು.

“ಯಾಕೆಂದು ಗೊತ್ತಿಲ್ಲದೆ ಅಳೆದವಳಿಗೆ ನಾನು ಹೇಗಮ್ಮ ಡಿಗ್ರಿ ಕೊಡಲಿ?” ಎಂದರು ಪರೀಕ್ಷಕರು. ಗದರಲಿಲ್ಲ. ಮತ್ತೆ ಅಳೆದು ಮುಂದಿನ ವರ್ಷ ಸಲ್ಲಿಸಲಿ ಎಂದು ಬರೆದರು. ಗೈಡ್ ನೆಲ ನೋಡುತ್ತಿದ್ದರು.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಶ್ವೇತ ಗಂಡ ಯತೀಶನಿಗೆ ಫೋನು ಮಾಡಿದಳು. “ಆಗ್ನಿಲ್ಲ... ಊಂ... ನಂದೇ ತಪ್ಪು... ಊಂ, ಸರಿ.” ಅರ್ಧ ನಿಮಿಷವೂ ಆಗಲಿಲ್ಲ.

“ಏನಂದ್ರು?”

“ಏನೂ ಅನ್ನಿಲ್ಲ. ಬರ್ತಾ ಇಂಡಿ ಮೂಟೆ ಯೋಳ್ಬುಟ್ಟು ಬಾ ಅಂದ್ರು. ಎಮ್ಮೆ ಬಂದದಂತೆ.”

“ನಾನು ಬಂದು ಯತೀಶಂಗೆ ಎಲ್ಲಾ ಯೋಳ್ಲಾ?”

“ಏನಂತ? ಕವಿತಕ್ಕ ಅಳ್ತೆ ತೆಗುದ್ಲು, ನಿನ್ನೆಂಡ್ತಿ ಸಹಿ ಆಕುದ್ಲು ಅಂತಲಾ?” ಶ್ವೇತ ಕಿಟಕಿಯ ಕಡೆ ತಿರುಗಿದಳು. “ನಮ್ಮಪ್ಪ ಸತ್ತಾಗ ನೀವು ಮಾಡ್ಕೊಟ್ರಲ್ಲ, ಆಗ ನಾನು ದೇವ್ರಂಗೆ ಅಂದ್ಕಂಡಿದ್ದೆ. ಬುಡಿ.”

ಮಳವಳ್ಳಿಯಲ್ಲಿ ಅವಳು ಎದ್ದಾಗ ಕವಿತ ಕಾಲು ಓರೆ ಮಾಡಿ ದಾರಿ ಬಿಟ್ಟಳು. ಶ್ವೇತ ತಿರುಗಿ ನೋಡದೆ ಇಳಿದು, ಹಿಂಡಿ ಅಂಗಡಿಗಳಿರುವ ಕಡೆ ನಡೆದಳು. ಕಿಟಕಿಯ ಸೀಟು ಖಾಲಿಯಾಗಿತ್ತು. ಕವಿತ ಸರಿದು ಕೂರಲಿಲ್ಲ. ತಾನಿಳಿಯುವ ಹಲಗೂರಿನವರೆಗೂ ಸೀಟಿನ ತುದಿಯಲ್ಲೇ, ಒಂದು ಕಾಲು ಹೊರಗಿಟ್ಟುಕೊಂಡು ಕೂತಿದ್ದಳು.