ಗುಡ್ಡದ ಮೇಲೆ ನಿಂತುಹೋದ ಕಥೆ

ನಕ್ಷತ್ರಗಳನ್ನು ಎಣಿಸಲು ಇನ್ನೂ ಯಾರೂ ಹೋಗಿರದ ಕಾಲದಲ್ಲಿ ಅಬ್ರಹಾಮನೆಂಬ ಒಬ್ಬ ಮುದುಕನಿದ್ದ. ನಿನ್ನ ಸಂತಾನ ಆ ನಕ್ಷತ್ರಗಳಷ್ಟಾಗುತ್ತದೆ ಎಂದು ದೇವರು ಅವನಿಗೆ ಮಾತು ಕೊಟ್ಟಿದ್ದ. ಆದರೆ ಅವನ ಮುದುಕಿ ಹೆಂಡತಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಒಬ್ಬನೇ ಮಗ. ಒಂದು ದಿನ ದೇವರು ಮುದುಕನನ್ನು ಕರೆದು, ಆ ಮಗನನ್ನೇ ಗುಡ್ಡದ ಮೇಲೆ ನನಗೆ ಬಲಿಕೊಡು ಅಂದ. ಮುದುಕ ಯಾಕೆ ಎಂದು ಕೇಳಲಿಲ್ಲ. ಬೆಳಗಾಗುತ್ತಲೇ ಎದ್ದ, ಸೌದೆ ಒಡೆದ. ಹೊರೆಯನ್ನು ಮಗನ ಹೆಗಲಿಗೇರಿಸಿ ಬೆಂಕಿಯನ್ನೂ ಕತ್ತಿಯನ್ನೂ ತಾನು ಹಿಡಿದ. ಅಪ್ಪ ಮುಂದೆ, ಮಗ ಹಿಂದೆ. ಅರ್ಧ ಗುಡ್ಡ ಹತ್ತಿದ ಮೇಲೆ ಮಗ ಕೇಳಿದ: "ಅಪ್ಪಾ, ಬೆಂಕಿ ಇದೆ, ಸೌದೆ ಇದೆ. ಕುರಿ ಎಲ್ಲಿ?"

ಆಲ್ದೂರಿನಾಚೆಯ ಎಸ್ಟೇಟೊಂದರ ಹಳೇ ಗೋಡೌನಿನ ಜಗಲಿಯಲ್ಲಿ ಹದಿನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು. ಸಂಡೇ ಸ್ಕೂಲಿನ ಟೀಚರ್ ಅರುಣಾ ಕಥೆಯಲ್ಲಿ ಆ ಮಗನ ಕೈಕಾಲು ಕಟ್ಟಿಸಿದಳು, ಸೌದೆಯ ಮೇಲೆ ಮಲಗಿಸಿದಳು, ಮುದುಕನ ಕೈಯಲ್ಲಿ ಕತ್ತಿ ಎತ್ತಿಸಿದಳು. ಅಲ್ಲಿಗೆ ಕನ್ನಡ ಬೈಬಲ್ ಸತ್ಯವೇದವನ್ನು ಮುಚ್ಚಿ, "ಉಳಿದದ್ದು ಮುಂದಿನ ಭಾನುವಾರ" ಅಂದಳು. ಹೀಗೆ ನಿಲ್ಲಿಸಿದರೆ ಮುಂದಿನ ವಾರ ಒಂದು ಮಗುವೂ ತಪ್ಪಿಸುವುದಿಲ್ಲವೆಂಬುದು ಅವಳು ಕಂಡುಕೊಂಡ ಉಪಾಯ.

ಮಕ್ಕಳೆಲ್ಲ ಹೊರಟ ಮೇಲೂ ಏಳು ವರ್ಷದ ಕೃಪಾ ಮಾತ್ರ ಅರುಣಾಳ ವೇಲಿನ ತುದಿ ಬಿಡಲಿಲ್ಲ.

"ಅಕ್ಕ, ಆಮೇಲೆ ಎಂತ ಆಯ್ತು?"

"ಭಾನುವಾರ ಹೇಳ್ತೀನಿ ಅಂದ್ನಲ್ಲ."

"ಈಗ್ಲೇ ಹೇಳಿ."

"ಪ್ರಾಮಿಸ್ ಮಾರಾಯ್ತಿ. ನಿಂಗೆ ಹೇಳದೆ ಯಾರಿಗೂ ಹೇಳಲ್ಲ."

ಅರುಣಾಳ ಮನೆಯಲ್ಲಿ ಅಜ್ಜಿ ವಿಮಲಮ್ಮ ಇದನ್ನು ಕೇಳಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ಕತ್ತಿ ಎತ್ತಿಸಿ ಬಿಟ್ಟು ಬಂದ್ಯಾ? ಅರ್ಧ ಕಥೆ ಹಸಿದ ನಾಯಿ ಇದ್ದಂಗೆ ಮಗಾ. ಯಾರ ಮನೆ ಬಾಗ್ಲಲ್ಲಿ ಹೋಗಿ ಮಲಗುತ್ತೋ ಗೊತ್ತಾಗಲ್ಲ."

ಅರುಣಾ ನಕ್ಕಳು. ಈ ಕಥೆಯನ್ನು ಅವಳಿಗೆ ಮೊದಲು ಹೇಳಿದವರೇ ಅಜ್ಜಿ. ಅವರ ಕಥೆಯಲ್ಲಿ ಅಪ್ಪ ಮಗ ಇಬ್ಬರೂ ಸಂಜೆಯೊಳಗೆ ಮನೆಗೆ ಬರುತ್ತಿದ್ದರು, ಅಷ್ಟರಲ್ಲಿ ಮುದುಕನ ಹೆಂಡತಿ ಸಾರಾ ಬಿಸಿ ರೊಟ್ಟಿ ಮಾಡಿಟ್ಟಿರುತ್ತಿದ್ದಳು. ಹದಿನೆಂಟಕ್ಕೆ ಚರ್ಚಿನ ಯುವಜನರ ಶಿಬಿರಕ್ಕೆ ಹೋಗಿ ಬಂದ ಅರುಣಾ, "ಅದೆಲ್ಲ ಸತ್ಯವೇದದಲ್ಲಿ ಇಲ್ಲ ಅಜ್ಜಿ. ಇಲ್ಲದ್ದನ್ನ ಸೇರಿಸಿದ್ರೆ ಪಾಪ" ಎಂದಿದ್ದಳು. ಬರೆದದ್ದನ್ನು ಬರೆದಂತೆಯೇ ಓದಬೇಕು, ಪ್ರಶ್ನೆ ಕೇಳಬಾರದು ಎಂದು ಶಿಬಿರದಲ್ಲಿ ಕಲಿತಿದ್ದಳು. ಕಲಿತದ್ದಕ್ಕಿಂತ ಹೆಚ್ಚಾಗಿ ಹೆದರಿದ್ದಳು. ಒಂದು ಕಲ್ಲು ಅಲುಗಿದರೆ ಇಡೀ ಗೋಡೆಯೇ ತನ್ನ ಮೇಲೆ ಬೀಳುತ್ತದೆ ಎಂಬ ಹೆದರಿಕೆ ಇಪ್ಪತ್ತಾರಕ್ಕೂ ಹೋಗಿರಲಿಲ್ಲ.

ಮುಂದಿನ ಭಾನುವಾರ ಬರುವಷ್ಟರಲ್ಲಿ ಆನೆ ಬಂತು.

ಕುಯ್ಲು ಮುಗಿದು ತೋಟಗಳು ಕಾಫಿ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ದಿನಗಳು ಅವು. ಒಂಟಿ ಸಲಗವೊಂದು ಕೆಳಗಿನ ಹಳ್ಳದ ಬದಿಯ ಕಾಫಿ ತೋಟದಲ್ಲಿ ಬೀಡುಬಿಟ್ಟಿತು. ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಅರಣ್ಯ ಇಲಾಖೆಯ ಮೆಸೇಜು ದಿನವೂ ಫೋನಿಗೆ ಬರುತ್ತಿತ್ತು. ಎರಡು ಭಾನುವಾರ ಜಗಲಿ ಖಾಲಿ ಉಳಿಯಿತು. ಎತ್ತಿದ ಕತ್ತಿ ಎತ್ತಿದಂತೆಯೇ ಇತ್ತು.

ಎರಡನೇ ಭಾನುವಾರ ಕಳೆದ ಮೇಲಿನ ಶನಿವಾರ ಬೆಳಿಗ್ಗೆ, ಆಳುಗಳ ಲೈನ್ ಮನೆಗಳ ಕಡೆಯಿಂದ ಮೇಸ್ತ್ರಿ ರಂಗನಾಥನ ಕೂಗು ಕೇಳಿ ಅರುಣಾ ಹೊರಗೋಡಿದಳು. ಅಂಗಳದ ನಡುವೆ ಕೃಪಾಳ ಅಪ್ಪ ಕರುಣಾಕರ ನಿಂತಿದ್ದ. ಮರಗಸಿಗೆ ಆ ಎಸ್ಟೇಟಿನಲ್ಲೇ ಅವನಷ್ಟು ಚುರುಕಿನ ಆಳಿಲ್ಲ; ಎಷ್ಟೇ ಎತ್ತರದ ನೆರಳಿನ ಮರವಾದರೂ ಹತ್ತಿ ಕೊಂಬೆ ಸವರಿ ಬರುವವನು. ಈಗ ಯಾವ ಕಡೆ ಓಡಬೇಕೆಂದು ತಿಳಿಯದೆ ಗುಡ್ಡದ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡುತ್ತಿದ್ದ.

"ಆನೆ ಹೊಳೆ ದಾಟಿ ಹೋಯ್ತು ಅಂದ್ರು. ಮೇಲಿನ ಗುಡ್ಡದಲ್ಲಿ ಕಡಿದ ಕೊಂಬೆ ಬಿದ್ದಿದ್ವು. ಸೌದೆಗೆ ಬಾ ಮಗಾ ಅಂತ ಕರ್ಕೊಂಡು ಹೋದೆ," ಅಂದ. "ಹಗ್ಗ ಅವಳ ಹೆಗಲಿಗೆ ಹಾಕ್ದೆ. ಅರ್ಧ ದಾರಿಲಿ, ಅಪ್ಪಾ ಕುರಿ ಎಲ್ಲಿ ಅಂತ ಕೇಳಿದ್ಲು. ಎಂತ ಕುರಿನೋ ಎಂತದೋ. ತಮಾಷೆಗೆ, ಕುರಿ ಎಂತಕೆ, ನೀನಿದೀಯಲ್ಲ ಅಂದೆ. ಹಗ್ಗ ಬಿಸಾಕಿ ಓಡಿದ್ಲು ಟೀಚರೇ, ಎತ್ತ ಹೋದ್ಲೋ ಸಿಗ್ಲಿಲ್ಲ. ಅವಳು ಹಂಗೆ ಕಿರುಚಿದ್ದು ನಾನು ಯಾವತ್ತೂ ಕೇಳಿಲ್ಲ."

"ನಿನ್ನ ತಮಾಷೆಗಿಷ್ಟು ಬೆಂಕಿ ಹಾಕ," ಅಂದ ರಂಗನಾಥ. "ಆನೆ ಹೋಗಿಲ್ಲ ಮಾರಾಯ, ಕೆಳಗಿನ ರಸ್ತೇಲೇ ಇದೆ. ಇಲಾಖೆಯೋರು ಬರೋಕೆ ಇನ್ನೂ ಅರ್ಧ ಗಂಟೆ ಬೇಕಂತೆ. ನಾನು ಆಳುಗಳನ್ನ ಕರ್ಕೊಂಡು ಗುಡ್ಡಕ್ಕೆ ಹೋಗ್ತೀನಿ."

ಕುರಿ ಎಲ್ಲಿ ಎಂಬ ಮಾತು ಎಲ್ಲಿಂದ ಬಂತೆಂದು ಅರುಣಾಳಿಗೆ ತಕ್ಷಣ ಅರ್ಥವಾಯಿತು. ಅಜ್ಜಿ ಹೇಳಿದ ಹಸಿದ ನಾಯಿ ಮೂರು ವಾರದಿಂದ ಮಲಗಿದ್ದು ಕೃಪಾಳ ಮನೆಯ ಬಾಗಿಲಲ್ಲಿ.

ಕೋಲೂರಿಕೊಂಡು ಹಿಂದೆಯೇ ಬಂದಿದ್ದ ವಿಮಲಮ್ಮ ಅವಳ ತೋಳು ಹಿಡಿದರು. "ಗುಡ್ಡದಲ್ಲಿ ಹುಡುಕಬ್ಯಾಡಿ. ಬೇಸಿಗೆಲಿ ಈ ಮಕ್ಕಳೆಲ್ಲ ಕೆಳಗಿನ ರಸ್ತೆ ಮೋರಿ ಪೈಪಲ್ಲಿ ಮನೆ ಆಟ ಆಡ್ತವೆ. ಅಲ್ಲಿ ನೋಡು."

ಕೆಳಗಿನ ರಸ್ತೆ. ಅರುಣಾ ಮತ್ತು ಕರುಣಾಕರ ಓಡಿದರು. "ಕೃಪಾ, ಕೃಪಾ" ಎಂದು ಕೂಗುತ್ತಲೇ ಇಳಿದ ಅವಳ ದನಿ ತಿರುವಿನ ಹತ್ತಿರ ತಾನಾಗಿಯೇ ನಿಂತಿತು. ಒಣಗಿದ ಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳಿದ್ದವು. ಪಕ್ಕದ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ಕಾಫಿ ಗಿಡಗಳ ನಡುವೆ ಎಲ್ಲೋ ಒಂದು ಕೊಂಬೆ ಲಟಕ್ಕನೆ ಮುರಿಯಿತು.

ಮೋರಿಯ ಬಾಯಲ್ಲಿ ಒಂದು ನೀಲಿ ಚಪ್ಪಲಿ ಬಿದ್ದಿತ್ತು.

ಅರುಣಾ ಮಂಡಿಯೂರಿ ಬಗ್ಗಿ ನೋಡಿದಳು. ರಸ್ತೆಯಡಿಯ ಸಿಮೆಂಟ್ ಪೈಪಿನ ನಡುಮಧ್ಯೆ ಎರಡು ಕಣ್ಣು ಹೊಳೆದವು. ದೊಡ್ಡವರ ಹೆಗಲು ನೇರವಾಗಿ ಹಿಡಿಸುವಷ್ಟೂ ಅಗಲವಿಲ್ಲ.

"ಬಾ ಮಗಾ," ಎಂದು ಪಿಸುಗುಟ್ಟಿದಳು. "ಆನೆ ಇದೆ. ಮನೆಗೆ ಹೋಗಣ."

"ಅಪ್ಪನ ಹತ್ರ ಕತ್ತಿ ಇದೆ."

ಅರುಣಾ ತಿರುಗಿ ನೋಡಿದಳು. ಕರುಣಾಕರ ಸೊಂಟದ ಕತ್ತಿ ಬಿಚ್ಚಿ ಹುಲ್ಲಿನೊಳಗೆ ದೂರ ಎಸೆದ. ರಸ್ತೆ ದಾಟಿ ಪೈಪಿನ ಇನ್ನೊಂದು ಬಾಯಿಯ ಬಳಿ ಹೋಗಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ.

"ಆಮೇಲೆ ಎಂತ ಆಯ್ತು?" ಎಂದು ಕತ್ತಲೊಳಗಿನ ದನಿ ಕೇಳಿತು. "ಪ್ರಾಮಿಸ್ ಮಾಡಿದ್ರಿ."

ಅರುಣಾ ಪೈಪಿನ ಬಾಯಿಗೆ ಇನ್ನಷ್ಟು ಹತ್ತಿರ ಸರಿದಳು. ಎಷ್ಟು ಸಲ ಪಾಠ ಮಾಡಿದ ಕಥೆ; ಹೇಳಿದಾಗಲೆಲ್ಲ ಅವಳು ಮುದುಕನ ಪಕ್ಕ ನಿಂತೇ ಹೇಳಿದ್ದಳು. ಎಂಥ ಭಕ್ತಿ, ಎಂಥ ವಿಧೇಯತೆ! ಸೌದೆಯ ಮೇಲೆ ಮಲಗಿದ್ದವನ ಕಣ್ಣಿಗೆ ಆ ಕತ್ತಿ ಹೇಗೆ ಕಂಡಿತೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಈಗ ಬಗ್ಗಿ ನೋಡುತ್ತಿದ್ದಳು. ಪೈಪಿನೊಳಗಿಂದ ಅದೇ ಮುಖ ಅವಳನ್ನು ನೋಡುತ್ತಿತ್ತು.

"ಆಮೇಲೆ ದೇವರು ತನ್ನ ದೂತನ ಬಾಯಲ್ಲಿ ಇನ್ನೊಂದ್ಸಲ ಕರೆದ," ಅಂದಳು. "ಮೊದಲು ಕರೆದಾಗ ಅಬ್ರಹಾಮ ಅಂತ ಒಂದೇ ಸಲ ಕರೆದಿದ್ದ. ಈ ಸಲ..." ಅವಳು ಮಾತು ನಿಲ್ಲಿಸಿದಳು. ಸತ್ಯವೇದದ ಪುಟ ಕಣ್ಣ ಮುಂದೆ ಬಂತು. ಅಲ್ಲಿ ಇದ್ದದ್ದೇ ಹಾಗೆ. ಅವಳು ಕಂಡಿರಲಿಲ್ಲ, ಅಷ್ಟೇ. "ಈ ಸಲ ಅಬ್ರಹಾಮ, ಅಬ್ರಹಾಮ ಅಂತ ಎರಡು ಸಲ ಕರೆದ. ಆ ಮಗೂಗೆ ಎಂತದೂ ಮಾಡಬೇಡ ಅಂದ."

"ಎರಡು ಸಲ ಎಂತಕೆ?"

"ಈಗ ನಾನು ನಿನ್ನ ಕೂಗ್ಕೊಂಡು ಬಂದೆನಲ್ಲ, ಕೃಪಾ ಕೃಪಾ ಅಂತ. ಹೆದರಿಕೆ ಆದಾಗ ಹಂಗೇ ಅಲ್ವಾ ಕರೆಯೋದು?"

ಹೇಳಿದ ಮೇಲೆ ತಾನಾಡಿದ್ದು ಅವಳಿಗೇ ಕೇಳಿಸಿತು. ದೇವರಿಗೆ ಹೆದರಿಕೆಯೇ? ಅಂಥ ಮಾತು ಎಲ್ಲೂ ಬರೆದಿರಲಿಲ್ಲ. ಗೋಡೆ ಬೀಳುತ್ತದೆಂದು ಕಾದಳು. ಬೀಳಲಿಲ್ಲ. ಲದ್ದಿಯ ಬಿಸಿ ವಾಸನೆ ಮಾತ್ರ ಗಾಳಿಯಲ್ಲಿ ಬಂತು.

"ಮುದುಕ ಕತ್ತಿ ಬಿಟ್ಟ. ಪೊದೇಲಿ ಒಂದು ಟಗರು ಕೊಂಬು ಸಿಕ್ಕಿಸ್ಕೊಂಡಿತ್ತು. ಮಗನ ಹಗ್ಗ ಬಿಚ್ಚಿ ಅದನ್ನ ಬಲಿ ಕೊಟ್ಟ."

ಒಳಗಿನ ದನಿ ಪೈಪಿನ ಇನ್ನೊಂದು ಬಾಯಿಯ ಕಡೆ ತಿರುಗಿತು.

"ಅಪ್ಪಾ, ದೇವರು ನಿನ್ನ ಕೇಳಿದ್ರೆ?"

ಮೂರು ವಾರದ ಹಿಂದೆ ಜಗಲಿಯಲ್ಲಿ ಇದೇ ಪ್ರಶ್ನೆಗೆ ಹದಿನಾಲ್ಕು ಮಕ್ಕಳ ಕೈಲಿ "ಕೊಡುತ್ತೇನೆ ಅನ್ನಬೇಕು" ಎಂದು ಹೇಳಿಸಿದ್ದವಳು ಅರುಣಾಳೇ. ಅವಳು ಕಣ್ಣು ಮುಚ್ಚಿದಳು.

"ಆಗಲ್ಲ ಅಂತೀನಿ," ಅಂದ ಕರುಣಾಕರ.

"ಬೈದ್ರೆ?"

"ಬೈಸ್ಕೊಳ್ತೀನಿ. ಮೇಸ್ತ್ರಿ ಹತ್ರ ದಿನಾ ಬೈಸ್ಕೊಳಲ್ವಾ? ನನ್ನ ಬೇಕಾದ್ರೆ ತಗೊ, ಮಗಳನ್ನ ಕೊಡಲ್ಲ ಅಂತೀನಿ."

ಆಗ ರಸ್ತೆಯಾಚೆಯ ಕಾಫಿ ಗಿಡಗಳು ಇಬ್ಭಾಗವಾದವು.

ಮೂವತ್ತು ಹೆಜ್ಜೆ ದೂರದಲ್ಲಿ ಸಲಗ ರಸ್ತೆಗಿಳಿಯಿತು. ಮೈಯೆಲ್ಲ ಕೆಂಪು ಮಣ್ಣು, ಒಂದು ದಂತದ ತುದಿ ಮುರಿದಿತ್ತು. ಸೊಂಡಿಲೆತ್ತಿ ಗಾಳಿ ಮೂಸಿತು. ಅರುಣಾ ದಿಬ್ಬಕ್ಕೆ ಬೆನ್ನು ಒತ್ತಿ ನಿಂತಳು. ಪ್ರಾರ್ಥನೆಯ ಒಂದು ಶಬ್ದವೂ ನೆನಪಾಗಲಿಲ್ಲ. ಕರುಣಾಕರ ಮಲಗಿದ್ದ ಬಾಯಿ ಆನೆಯ ಕಡೆಗೇ ಇತ್ತು. ಎದ್ದರೆ ಕಾಣುತ್ತಾನೆ, ಏಳದಿದ್ದರೆ ಅದು ಬರುವ ದಾರಿಯಲ್ಲೇ ಇರುತ್ತಾನೆ.

ಪೈಪಿನೊಳಗಿಂದ ಉಸಿರಿನಷ್ಟೇ ಸಣ್ಣ ದನಿ ಬಂತು: "ಅಪ್ಪಾ, ಒಳಗೆ ಬಾ."

ಕತ್ತಲೊಳಗಿಂದ ಮುಂದೆ ಬಂದ ಎರಡು ಪುಟ್ಟ ಕೈಗಳು ಅವನ ಅಂಗಿಯ ಕಾಲರು ಹಿಡಿದು ಎಳೆದವು. ತಲೆ ಹೋಯಿತು, ಹೆಗಲು ಓರೆಯಾಗಿ ತುರುಕಿಕೊಂಡಿತು, ಸೊಂಟದ ಹತ್ತಿರ ಸಿಕ್ಕಿಕೊಂಡಿತು. ಅವನ ಎರಡು ಕಾಲು ಒಣ ಎಲೆಗಳ ಮೇಲೆ ಅಲುಗದೆ ಬಿದ್ದಿದ್ದವು. ಆನೆ ಒಂದು ಹೆಜ್ಜೆ ಇತ್ತ ಇಟ್ಟಿತು. ನಿಂತಿತು. ಕಿವಿ ಬೀಸುವುದನ್ನು ನಿಲ್ಲಿಸಿತು. ಆ ಹೊತ್ತು ಎಷ್ಟು ಉದ್ದವಿತ್ತೋ ಅರುಣಾಳಿಗೆ ಗೊತ್ತಾಗಲಿಲ್ಲ. ಕೊನೆಗೆ ಅದಕ್ಕೆ ಏನನ್ನಿಸಿತೋ, ತಿರುಗಿ, ಬೇಲಿಯ ತಂತಿಯನ್ನು ದಾರದಂತೆ ಹರಿದು, ಹಳ್ಳದ ಕಡೆ ಇಳಿದು ಹೋಯಿತು. ಕೊಂಬೆ ಮುರಿಯುವ ಸದ್ದು ದೂರ ದೂರ ಸರಿಯಿತು.

ಕರುಣಾಕರ ಹಿಂದಕ್ಕೆ ತೆವಳಿ ಹೊರಬಂದಾಗ ಹೆಗಲ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಕೃಪಾ ಅವನ ಕಾಲರು ಹಿಡಿದುಕೊಂಡೇ ಹೊರಬಂದಳು. ಹೊರಬಂದವಳು ಕಾಲರು ಬಿಟ್ಟು ಅರುಣಾಳ ಕೈ ಹಿಡಿದಳು. ಕರುಣಾಕರ ಅದನ್ನು ನೋಡಿದ. ಕತ್ತಿಯನ್ನು ಹುಲ್ಲಿನಲ್ಲೇ ಬಿಟ್ಟು ಮುಂದೆ ನಡೆದ.

ಲೈನಿನ ಏರು ಹತ್ತುವಾಗ ಅರುಣಾ ಎರಡೆರಡು ಹೆಜ್ಜೆಗೆ ಹಿಂದಿರುಗಿ ನೋಡುತ್ತಿದ್ದಳು.

"ಅಕ್ಕ, ಅವರಿಬ್ರೂ ಮನೆಗೆ ಬಂದ್ರಾ?"

ಅಜ್ಜಿಯ ಬಿಸಿ ರೊಟ್ಟಿ ಅರುಣಾಳ ನಾಲಿಗೆಯ ತುದಿಗೆ ಬಂತು. ಅಜ್ಜಿ ಅದನ್ನು ಯಾಕೆ ಸೇರಿಸಿದ್ದರೆಂದು ಈಗ ತಿಳಿಯಿತು. ಕಥೆಯಲ್ಲಿ ಅಲ್ಲೊಂದು ತೂತಿತ್ತು, ಅದರೊಳಗಿಂದ ಚಳಿ ಬರುತ್ತಿತ್ತು. ಅಜ್ಜಿ ಅದನ್ನು ಕಂಡಿದ್ದರು.

"ಅಪ್ಪ ಇಳಿದು ಬಂದ ಅಂತ ಬರೆದಿದೆ ಮಗಾ," ಅಂದಳು. "ಮಗ ಬಂದ ಅಂತ ಬರೆದಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ಅವಳು ಸತ್ಯವೇದದ ಬಗ್ಗೆ ಆಡಿದ್ದು ಅದೇ ಮೊದಲು.

ಕೃಪಾ ಒಂಟಿ ಚಪ್ಪಲಿಯಲ್ಲಿ ಟಪ್ ಟಪ್ ಎಂದು ಹತ್ತು ಹೆಜ್ಜೆ ಯೋಚಿಸಿದಳು. ಮುಂದೆ ಹೋಗುತ್ತಿದ್ದ ಅಪ್ಪನ ಹೆಗಲ ರಕ್ತವನ್ನು ನೋಡಿದಳು.

"ಹಿಂದೆ ಹಿಂದೆ ಬಂದಿರ್ತಾನೆ," ಅಂದಳು. "ಸ್ವಲ್ಪ ದಿನ ಅಪ್ಪನ್ನ ಮಾತಾಡ್ಸಿರಲ್ಲ."

ಕರುಣಾಕರ ನಿಂತ. ತಿರುಗಿ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿ ಹಾಗೆಯೇ ಹಿಡಿದ. ಕೃಪಾ ಕೈ ಕೊಡಲಿಲ್ಲ. ಅವನ ಕಿರುಬೆರಳೊಂದನ್ನು ಮಾತ್ರ ಹಿಡಿದಳು.

"ಹಾಗೇ ಇರಬೇಕು," ಎಂದಳು ಅರುಣಾ. "ಅಲ್ಲಿಗೆ ಕಥೆ ಮುಗೀತು ಮಗಾ."