ಎರಡನೆಯ ಸಾಕ್ಷಿ

ಬಾಯಿ ಬಿಗಿದುಕೊಳ್ಳುವ ಮುಂಚೆ ಹಲ್ಲು ಹಾಕಿಬಿಡಬೇಕೆಂದು ಪುಟ್ಟಿ ಮಾವನ ದವಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಮೇಲಿನ ಸೆಟ್ಟು ಕೂತಿತು. ಕೆಳಗಿನದು ಮಾತ್ರ ಬದುಕಿದ್ದಾಗ ಮುದುಕ ಹೇಗೋ ಹಾಗೆಯೇ, ಯಾರ ಮಾತನ್ನೂ ಕೇಳಲೊಲ್ಲದು. ಬೀದಿಗೆಲ್ಲ ಹಲ್ಲು ಕಟ್ಟಿಕೊಟ್ಟವನು ಬೊಚ್ಚುಬಾಯಲ್ಲಿ ಮಲಗಿದರೆ ನೋಡಲು ಬಂದವರು ಏನಂದಾರು ಎಂಬುದು ಅವಳ ಚಿಂತೆ.

"ಮೆಲ್ಲಗೆ ಕಣೇ, ನೋವಾದೀತು," ಎಂದಳು ಬಾಗಿಲಲ್ಲಿ ನಿಂತಿದ್ದ ಮುದುಕನ ಸೊಸೆ.

ಬದುಕಿದ್ದಾಗ ಮಾವನ ನೋವು ಕೇಳಲು ಈ ಸೊಸೆ ಒಂದು ದಿನವೂ ಬಂದವಳಲ್ಲ. ಬೆಳಿಗ್ಗೆ ಗಂಡನ ಜೊತೆ ಬಂದಿಳಿದವಳೇ ಅಳುವಷ್ಟು ಅತ್ತು ಮುಗಿಸಿ, ಈಗ ಗೋಡೆಯ ಬಿರುಕು, ಕಿಟಕಿಯ ಸರಳು, ಹಿತ್ತಲಿನ ಉದ್ದ ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಹಲ್ಲು ಕಟ್ಟುವ ಅಂಗಡಿ, ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಬೀದಿಯ ಮೂಲೆ ಮನೆ. ಬಿಟ್ಟರೆ ಸಿಗುವಂಥದ್ದಲ್ಲ.

ಪುಟ್ಟಿ ಸತ್ತವನ ಹೆಂಡತಿಯ ಅಣ್ಣನ ಮಗಳು. ಅತ್ತೆ ಹಾಸಿಗೆ ಹಿಡಿದಾಗ ನಾಲ್ಕು ದಿನ ನೋಡಿಕೊಂಡು ಬಾ ಎಂದು ಅಪ್ಪ ಕಳಿಸಿದ್ದ. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅತ್ತೆ ಹೋದಳು, ಅಪ್ಪನೂ ಹೋದ, ಇವಳು ಉಳಿದಳು. ತಲೆಯಲ್ಲಿ ಬಿಳಿಗೂದಲು ಬಂದರೂ ಎಲ್ಲರ ಬಾಯಲ್ಲೂ ಪುಟ್ಟಿಯೇ. ಬೇಯಿಸಿ ಹಾಕಿದಳು, ಒಗೆದಳು, ಬರಬರುತ್ತ ಮಾವನ ಕೈ ನಡುಗತೊಡಗಿದಾಗ ಸೆಟ್ಟುಗಳನ್ನು ಉಜ್ಜಿ ಪಾಲಿಶ್ ಮಾಡುವ ಕೆಲಸವನ್ನೂ ಕಲಿತಳು. ಸಂಬಳದ ಮಾತೆತ್ತಿದರೆ ಮನೆಮಗಳಿಗೆಂಥ ಸಂಬಳ ಎನ್ನುತ್ತಿದ್ದ ಮುದುಕ. ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ.

ಆದರೂ ಇವತ್ತು ಅವಳಿಗೆ ಹೆದರಿಕೆ ಇರಲಿಲ್ಲ. ಉಯಿಲು ಅವಳ ಪೆಟ್ಟಿಗೆಯಲ್ಲೇ, ಸೀರೆಗಳ ಕೆಳಗೆ ಇತ್ತು.

*

ಉಯಿಲು ಬರೆದ ವರ್ಷ ಅಚ್ಚುಮನೆಯಲ್ಲಿ ಯಂತ್ರ ನಡೆಸುವವನೊಬ್ಬ ತಾಯಿಗೆ ಹಲ್ಲು ಕಟ್ಟಿಸಲು ಬರುತ್ತಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಅಳತೆ ಕೊಡಲು ಒಂದು ಸಲ ಬಂದರೆ ಸಾಕಿತ್ತು, ಅವನು ಮತ್ತೆ ಮತ್ತೆ ಬಂದ. ಕೊನೆಗೆ ಉಗುರಿನ ಸಂದಿಯ ಮಸಿ ಕೆರೆಯುತ್ತ, ನನ್ನನ್ನು ಮದುವೆ ಆಗ್ತೀಯಾ ಎಂದು ನೇರವಾಗಿ ಕೇಳಿಬಿಟ್ಟ. ಯೋಚಿಸಿ ಹೇಳುತ್ತೇನೆ ಎಂದಳು ಪುಟ್ಟಿ. ಯೋಚಿಸುವುದೇನೂ ಉಳಿದಿರಲಿಲ್ಲ. ಸುಮ್ಮನೆ ಒಂದು ವಾರ ಆ ಸಂತೋಷವನ್ನು ತನ್ನಲ್ಲೇ ಇಟ್ಟುಕೊಳ್ಳೋಣ ಅನಿಸಿತ್ತು.

ಮುದುಕನ ಕಿವಿ ಚುರುಕು. ಆ ವಾರವೇ ಎದುರು ಮನೆಯ ಇಸ್ತ್ರಿಯವನನ್ನು ಕರೆಸಿದ. ಪುಟ್ಟಿಯ ಕೈಯಲ್ಲಿ ಟೀ ಮಾಡಿಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಉಯಿಲಿಗೆ ಸಹಿ ಹಾಕಿದ. ಇಸ್ತ್ರಿಯವನು ಸಾಕ್ಷಿ ಹಾಕಿದ ಮೇಲೆ ಪೆನ್ನು ಪುಟ್ಟಿಯ ಕಡೆಗೆ ಬಂತು.

"ಮನೆ, ಅಂಗಡಿ ಎರಡೂ ನಿಂಗೇ. ಓದ್ಕೊಂಡು ನೀನೇ ಸಾಕ್ಷಿ ಹಾಕು. ನಾಳೆ ಮುದುಕ ಮೋಸ ಮಾಡ್ದ ಅನ್ಬಾರ್ದು."

ಅವಳು ಅತ್ತುಬಿಟ್ಟಳು. ಕಣ್ಣೀರು ಬಿದ್ದು ಅಕ್ಷರ ಕದಡೀತೆಂದು ಮುಖ ಅತ್ತ ತಿರುಗಿಸಿಕೊಂಡೇ ಸಹಿ ಮಾಡಿದಳು. ಮರುದಿನ ಅಚ್ಚುಮನೆಯವನಿಗೆ ಆಗುವುದಿಲ್ಲ ಎಂದಳು. ಇಷ್ಟು ನಂಬಿದವರನ್ನು ಹೇಗೆ ಬಿಟ್ಟುಬರಲಿ ಎಂದಳು. ಅವನು ಕೆಲವು ಕಾಲ ಕಾದು ಬೇರೆ ಕಡೆ ಮದುವೆಯಾದ.

*

ಹೆಣ ಒಯ್ಯುವ ಗಾಡಿ ಬರುವುದು ತಡವಾಯಿತು. ಕಾಯುವಾಗ ಸೊಸೆ ಗಂಡನ ಹತ್ತಿರ, ಅಂಗಡಿಯ ಗೋಡೆ ಒಡೆದರೆ ಒಳ್ಳೆಯ ಬಾಡಿಗೆ ಬರುತ್ತದೆ ಎಂದಳು. ಹೆಣ ಇನ್ನೂ ಅದೇ ಕೋಣೆಯಲ್ಲಿತ್ತು. ಪುಟ್ಟಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ತೆಗೆದು, ಉಯಿಲು ತಂದು ಮಗನ ಕೈಯಲ್ಲಿಟ್ಟಳು.

ಮಗ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಗುಮಾಸ್ತರು ಉಯಿಲನ್ನು ಬುಡದಿಂದ ಓದುತ್ತಾರೆ: ಮೊದಲು ಸಹಿ, ಆಮೇಲೆ ಆಸ್ತಿ. ಅವನೂ ಹಾಗೇ ಓದಿದ. ಆಸ್ತಿಯ ತನಕ ಹೋಗುವ ಅಗತ್ಯವೇ ಬೀಳಲಿಲ್ಲ. ಮಡಿಸಿ, ಮರ್ಯಾದೆಯಿಂದಲೇ ವಾಪಸು ಕೊಟ್ಟ.

"ಇದು ನಿನ್ನ ಸಹಿನೇ ತಾನೆ?"

"ಹೌದು ಭಾವ. ಮಾವನೇ ಹಾಕಿಸಿದ್ರು."

"ಸಾಕ್ಷಿ ಹಾಕಿದವರಿಗೆ ಅದೇ ವಿಲ್‌ನಲ್ಲಿ ಏನೂ ದಕ್ಕಲ್ಲ ಕಣಮ್ಮ. ನಮ್ಮ ಕ್ರಿಶ್ಚಿಯನ್ನರಿಗೆ ಕಾನೂನೇ ಹಾಗಿದೆ. ಬೇರೆ ಯಾರಾದ್ರೂ ಹಾಕಿದ್ರೆ ನಾನು ತುಟಿ ಬಿಚ್ಚೋ ಹಾಗಿರ್ಲಿಲ್ಲ."

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೂರದಲ್ಲಿದ್ದವರು ದುಃಖ ಅಂದುಕೊಂಡರು.

ಪುಟ್ಟಿ ಜಗಲಿಗೆ ಬಂದಳು. ಪಾಪ, ಮಾವನಿಗೆ ಗೊತ್ತಿರಲಿಲ್ಲ ಎಂದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೂ ತುತ್ತು ಕೊಟ್ಟ ಕೈಯಾದರೂ ಒಳ್ಳೆಯದು ಎಂಬ ಸಮಾಧಾನ ಅವಳಿಗೆ ಬೇಕಾಗಿತ್ತು. ಜಗಲಿಯಲ್ಲಿ ಕೂತಿದ್ದ ಇಸ್ತ್ರಿಯವನಿಗೂ ಅದನ್ನೇ ಹೇಳಿದಳು.

"ಅವರಿಗೆ ಗೊತ್ತಿತ್ತಮ್ಮ."

ಅವಳು ಅವನ ಮುಖ ನೋಡಿದಳು.

"ನೀನು ಟೀ ತರೋಕೆ ಒಳಗೆ ಹೋಗಿದ್ದೆ. ನಾನೇ ಕೇಳ್ದೆ, ಇವಳ ಕೈಲಿ ಸಾಕ್ಷಿ ಹಾಕಿಸ್ತೀರಲ್ಲ ಯಜಮಾನ್ರೇ, ನಮ್ಮಣ್ಣನ ವಿಲ್ಲು ಹೀಗೇ ಬಿದ್ದೋಯ್ತಲ್ಲ ಅಂತ. ನಕ್ಕರು. ನಿಜವಾಗ್ಲೂ ಕೊಟ್ರೆ ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಾಳೆ, ಕೊಡ್ದಿದ್ರೆ ನಾಳೆನೇ ಎದ್ದು ಹೋಗ್ತಾಳೆ, ಹೀಗಾದ್ರೆ ಎರಡೂ ಇಲ್ಲ ಅಂದ್ರು."

"ನೀವು ಯಾಕೆ ಹೇಳ್ಲಿಲ್ಲ ನಂಗೆ?"

ಅವನು ಉತ್ತರ ಕೊಡಲು ಬಾಯಿ ತೆರೆದ. ಎರಡು ಸಾಲು ಹಲ್ಲು ಕಂಡವು. ಸಾಕ್ಷಿ ಹಾಕಿಸಿದ ವಾರ ಮಾವ ಪುಕ್ಕಟೆ ಕಟ್ಟಿಕೊಟ್ಟ ಸೆಟ್ಟು ಅದು. ಪಾಪ ಬಡವ ಎಂದು ಇವಳೇ ಎರಡೆರಡು ಸಲ ಪಾಲಿಶ್ ಹಿಡಿದಿದ್ದಳು. ಅವನು ಬಾಯಿ ಮುಚ್ಚಿಕೊಂಡ.

ಮೂಗಿಗೆ ತುಪ್ಪ ಸವರಿ ದುಡಿಸಿಕೊಂಡವನನ್ನು ಎಬ್ಬಿಸಿ ಕೇಳೋಣವೆಂದರೆ ಅವನು ಎದ್ದು ಉತ್ತರ ಕೊಡುವ ಹಾಗಿರಲಿಲ್ಲ. ಅಷ್ಟರಲ್ಲಿ ಗಾಡಿ ಬಂತು. ತಲೆಯ ಕಡೆ ಮಗ ಹಿಡಿದ, ಕಾಲಿನ ಕಡೆ ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಪುಟ್ಟಿಯೇ ಹೋಗಿ ಹಿಡಿದಳು.

ಮಸಣದಲ್ಲಿ ಅವಳಿಗೆ ಅಳು ಬರಲಿಲ್ಲ. ಆಸ್ತಿ ಸಿಗದ ಮೇಲೆ ಕಣ್ಣೀರು ಯಾಕೆ ಖರ್ಚು ಮಾಡ್ತಾಳೆ ಎಂದು ಸೊಸೆ ಪಕ್ಕದವರಿಗೆ ಹೇಳಿದ್ದು ಪುಟ್ಟಿಗೂ ಕೇಳಿಸಿತು.

ಎಲ್ಲ ಮುಗಿಸಿ ಬರುವಷ್ಟರಲ್ಲಿ ಸೊಸೆ ಮುಂಚೆಯೇ ಬಂದು ಬಾಗಿಲು ತೆಗೆದಿದ್ದಳು. ಪುಟ್ಟಿಯ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು.

"ಅಯ್ಯೋ, ನೀನ್ಯಾಕೆ ಬರ್ತೀಯ? ಕೂತ್ಕೋ, ದಣಿದಿದ್ದೀಯ. ನಾನೇ ತಂದ್ಕೊಡ್ತೀನಿ."

ಪುಟ್ಟಿ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಒರೆಸುವುದಕ್ಕಲ್ಲದೆ ಅದನ್ನು ಮುಟ್ಟಿದವಳಲ್ಲ. ಬಂದವರಿಗೆಲ್ಲ ಟೀ ಕೊಟ್ಟ ಮೇಲೆ ಸೊಸೆ ಅವಳಿಗೂ ಒಂದು ಲೋಟ ತಂದುಕೊಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದಳು.

"ಪುಟ್ಟೀ, ಹೊರಗಿದ್ದ ಸಕ್ಕರೆ ಮುಗೀತು, ಉಳಿದಿದ್ದು ಎಲ್ಲಿಟ್ಟಿದ್ದೀಯೇ?"

"ಎಡಗಡೆ ಮೇಲಿನ ಹಲಗೆ ಅಕ್ಕ. ಬೇಳೆ ಡಬ್ಬಿ ಹಿಂದೆ."

"ಇಲ್ಯಾಕೆ ಇಟ್ಟಿದ್ದೀಯ, ಕೈಗೇ ಎಟುಕಲ್ಲ," ಎಂದಳು ಸೊಸೆ. ಆಮೇಲೆ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಹಲಗೆ ಒರೆಸಿ, ಬೇರೆ ಕಡೆ ಜೋಡಿಸುವ ಸದ್ದು ಕೇಳತೊಡಗಿತು. ಪುಟ್ಟಿ ಲೋಟ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತೇ ಇದ್ದಳು.