ಅರ್ಧ ಗುಳಿಗೆ

ತೀರಿಹೋದ ಚಂದಮ್ಮನನ್ನು ಗೋಡೆಗೊರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿಯುವಷ್ಟರಲ್ಲಿ ಕತ್ತು ಮತ್ತೆ ಎಡಕ್ಕೆ ವಾಲಿತು. ಬಾಗಿಲಲ್ಲಿ ನಿಂತಿದ್ದ ಇಮಾಮ್ಬೀ ತಡೆಯಲಾರದೆ ಒಳನುಗ್ಗಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಹಿಡೀಲಿ ಬಿಡ್ರಿ," ಅಂದ ಚಂದಮ್ಮನ ಗಂಡ ಗುರುಲಿಂಗಪ್ಪ. "ದವಾಖಾನ್ಯಾಗ ಒಂದ ಗಂಗಾಳದಾಗ ಉಂಡವರು. ಈಗೆಲ್ಲಿ ಮೈಲಿಗಿ?"

ಇಮಾಮ್ಬೀಗೆ ಅಳು ಬರಲಿಲ್ಲ. ಎದೆಯೊಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಖರೇ ಔಷಧ ಯಾರದಿತ್ತು? ತನ್ನದೇ ಆಗಿರಲಿ, ಅಲ್ಲಾ! ಇವಳದಾಗಿದ್ದರೆ ಇವಳ ಉಸಿರನ್ನೇ ತಾನು ತಿಂದಂತಲ್ಲವೇ?

*

ಎರಡು ವರ್ಷದ ಹಿಂದೆ ಊರ ಹೊರಗಿನ ಕ್ಷಯದ ದವಾಖಾನೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮಂಚ. ಶಹಾಬಾದಿನ ಕಲ್ಲಿನ ಧೂಳು ಕುಡಿದು ಬೆಳೆದ ಎದೆಗಳು. ಒಂದು ಬೆಳಿಗ್ಗೆ ಡಾಕ್ಟರ್ ನಾಗೇಂದ್ರಪ್ಪ ವಾರ್ಡಿನ ನಡುವೆ ನಿಂತು ಹೇಳಿದ್ದರು.

"ಹೊಸ ಗುಳಿಗಿ ಬಂದಾವ. ಮೊದಲ ಇಲಿಗಿ, ಮೊಲಕ್ಕ ಕೊಟ್ಟು ನೋಡ್ಯಾರ. ಆಮ್ಯಾಲ ಗಟ್ಟಿಮುಟ್ಟ ಮಂದಿಗಿ ಕೊಟ್ಟು ವಿಷ ಅಲ್ಲಂತ ಖಾತ್ರಿ ಮಾಡ್ಕೊಂಡಾರ. ಈಗ ನಿಮ್ಮ ಸರದಿ. ಅರ್ಧ ಮಂದಿಗಿ ಖರೇ ಔಷಧ, ಅರ್ಧ ಮಂದಿಗಿ ಬರೇ ಹಿಟ್ಟಿನ ಗುಳಿಗಿ. ಚೀಟಿ ಎತ್ತಿ ಹಂಚ್ಯಾರ, ಯಾರಿಗಿ ಯಾವುದಂತ ನನಗೂ ಗೊತ್ತಿಲ್ಲ. ಫರಕ ಕಂಡ್ರ ಮಾತ್ರ ಸರ್ಕಾರ ಮಂಜೂರಿ ಕೊಡ್ತದ. ಒಬ್ಬರದು ಇನ್ನೊಬ್ಬರು ತಿನ್ನಬ್ಯಾಡ್ರಿ."

ಅದೆಂಥ ಮಾತು! ಚಂದಮ್ಮ ಒಬ್ಬಳೇ ಉಂಡ ಹೆಣ್ಣೇ ಅಲ್ಲ. ಜಂಗಮನಿಗೆ, ನೆರೆಯವರಿಗೆ, ಕೊನೆಗೆ ಬೆಕ್ಕಿಗಾದರೂ ಒಂದು ತುಂಡು ರೊಟ್ಟಿ ಮುರಿದುಕೊಡದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ನರ್ಸಮ್ಮ ಆ ಕಡೆ ತಿರುಗಿದ್ದೇ ತಡ, ಗುಳಿಗೆಯನ್ನು ಉಗುರಲ್ಲಿ ಮುರಿದು ಅರ್ಧ ಚಾಚಿದಳು.

"ಬ್ಯಾಡಕ್ಕಾ, ಡಾಕ್ಟರ್ ಬೈತಾರ."

"ಬೈಲಿ ಬಿಡು. ಒಬ್ಬಾಕಿ ಬದುಕಿ ಒಬ್ಬಾಕಿ ಸಾಯೋದು ಅದ್ಯಾವ ನ್ಯಾಯ? ನಿಂದೂ ಅರ್ಧ ನನಗ ಕೊಡು. ಖರೇದು ಯಾರದರೆ ಇರಲಿ, ಇಬ್ಬರ ಹೊಟ್ಟಿಗೂ ಬೀಳ್ತದ."

ಇಮಾಮ್ಬೀ ಕೈ ಚಾಚಿದಳು. ಆಮೇಲೆ ದಿನವೂ ಚಾಚಿದಳು. ಅವರನ್ನು ನೋಡಿ ಇಡೀ ವಾರ್ಡು ಗುಳಿಗೆ ಮುರಿದು ಹಂಚಿಕೊಳ್ಳುವುದನ್ನು ಕಲಿಯಿತು. ಇಮಾಮ್ಬೀ ಹೇಗೋ ಸುಧಾರಿಸಿದಳು. ಚಂದಮ್ಮ ಒಂದಿಷ್ಟು ಚೇತರಿಸಿಕೊಂಡು ಮತ್ತೆ ಕುಸಿದಳು.

*

ಮಣ್ಣು ಮಾಡಿ ಗಂಡಸರು ಮರಳಿದರು. ಅವರ ಜೊತೆ ಬಂದ ಡಾಕ್ಟರ್ ಅಂಗಳದ ಪರ್ಸಿಕಲ್ಲಿನ ಮೇಲೆ ಕೂತರು. ಮನೆಯಲ್ಲೇ ಉಳಿದಿದ್ದ ಇಮಾಮ್ಬೀ ಹತ್ತಿರ ಹೋದಳು.

"ಆ ಗುಳಿಗಿಗಿ ಮಂಜೂರಿ ಆಯ್ತಂತಲ್ರಿ?"

"ಆಯ್ತವ್ವ, ಬ್ಯಾರೆ ಊರಿನ ಲೆಕ್ಕದ ಮ್ಯಾಲ. ನಮ್ಮಲ್ಲಿ ಎರಡೂ ಗುಂಪಿನಾಗ ಫರಕೇ ಕಾಣಲಿಲ್ಲ. ನಮ್ಮದು ಲೆಕ್ಕಕ್ಕ ಹಿಡೀಲಿಲ್ಲ."

"ಚೀಟಿ ಬಿಚ್ಚ್ಯಾರಲ್ಲ... ಖರೇದು ನಂದಿತ್ತಾ, ಅಕ್ಕಂದಿತ್ತಾ?"

"ಚಂದಮ್ಮಂದು. ಅಷ್ಟು ಔಷಧ ತಗೊಂಡಾಕಿ ಹೆಂಗ ಹ್ವಾದಳು, ನನಗ ತಿಳೀವಲ್ಲದು."

ಇಮಾಮ್ಬೀ ತನ್ನ ಅಂಗೈ ನೋಡಿಕೊಂಡಳು. "ಪೂರಾ ತಗೊಳ್ಳಿಲ್ರೀ ಅಕಿ. ಅರ್ಧ ನಾ ತಿಂದೆ."

"ತಿನ್ನಬ್ಯಾಡ್ರಿ ಅಂದೆ," ಅಂದರು ಡಾಕ್ಟರ್. "ಅರ್ಧ ತಿಂದ್ರ ಬ್ಯಾನಿ ಸಾಯಂಗಿಲ್ಲ ಅಂತ ಹೇಳಲೇ ಇಲ್ಲ ನಾನು."

ಒಳಗೆ ಚಂದಮ್ಮನ ಮಗಳು ಶರಣಬಸಮ್ಮ ಕೆಮ್ಮಿದಳು. ಅದೇ ಒಣ ಕೆಮ್ಮು. ಡಾಕ್ಟರ್ ಚೀಲದಿಂದ ಗುಳಿಗೆಯ ಪೊಟ್ಟಣ ತೆಗೆದು ಇಮಾಮ್ಬೀಯ ಕೈಗಿಟ್ಟರು. "ಅಕಿ ಕಫದಾಗೂ ಬ್ಯಾನಿ ಕಂಡದ. ಇವತ್ತಿಂದಲೇ ಶುರು ಮಾಡ್ರಿ. ಪೂರಾ ಗುಳಿಗಿ."

ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಇಮಾಮ್ಬೀ ಗುಳಿಗೆ ಕೊಟ್ಟು ನೀರಿನ ಚರಿಗೆ ತರುವಷ್ಟರಲ್ಲಿ ಅವಳು ಅದನ್ನು ಉಗುರಲ್ಲಿ ಎರಡಾಗಿ ಮುರಿದು ಒಂದು ಹೋಳನ್ನು ಚಾಚಿದಳು.

"ತಗೋ ಚಿಗವ್ವಾ. ದವಾಖಾನ್ಯಾಗ ನೋಡೀನಿ, ಅವ್ವ ಹಿಂಗೇ ಕೊಡ್ತಿದ್ದಳಲ್ಲ."

ಇಮಾಮ್ಬೀಯ ಕೈ ರೂಢಿಯಂತೆ ಮುಂದಕ್ಕೆ ಹೋಯಿತು. ಆ ಹೋಳನ್ನು ತಗೊಂಡು ಹುಡುಗಿಯ ಬಾಯಿಗೇ ತುರುಕಿದಳು, ಇನ್ನೊಂದನ್ನೂ ತುರುಕಿ, ನೀರು ಹೊಯ್ದಳು. ಆಮೇಲೆ ಇನ್ನೂ ಚಂದಮ್ಮನ ವಿಭೂತಿ ಮೆತ್ತಿಕೊಂಡಿದ್ದ ಅಂಗೈಯಿಂದ ಆ ಬಾಯಿ ಮುಚ್ಚಿ, ಗುಳಿಗೆ ಗಂಟಲಿನಿಂದ ಕೆಳಗಿಳಿಯುವವರೆಗೂ ಕೈ ತೆಗೆಯಲಿಲ್ಲ.